ಸರಾಸರಿ ಮನೆ

ಅಗಸ್ಟಾದ ಕಚೇರಿ ಕಳಿಸಿದ ಹಾಳೆಯಲ್ಲಿ
ಮೇಯ್ನ್ ರಾಜ್ಯದ ಎಪ್ಪತ್ತು ವರ್ಷ
ಒಂದೇ ಗೆರೆಯಾಗಿ ಮಲಗಿದೆ.
ಎಡಕ್ಕೆ ತಗ್ಗು, ಬಲಕ್ಕೆ ಏರು,
ನಡುವೆ ಒಂದೆರಡು ಕಡೆ ಬಿಕ್ಕಿದ ಹಾಗೆ.
'ನೋಡಿ ಓಡೀಲ್, ಮನೆಯ ಆದಾಯ ಏರುತ್ತಲೇ ಇದೆ'
ಅಂದ ಮೇಲಿನವನು.
ಸರಾಸರಿ ಅನ್ನುವ ಮಾತಿನ ಬಾಲದಲ್ಲಿ
ಸರಿ ಅಂತಿದೆ, ಹೌದು.
ಆ ಬಾಲ ಹಿಡಿದೇ ಹೊರಟೆ.

ಅಕ್ಟೋಬರ್. ಕಾರಿನ ಹೀಟರ್ ಕೆಟ್ಟು ಎರಡು ವಾರ.
ತೊಡೆಯ ಮೇಲೆ ಪ್ರಶ್ನೆಗಳ ಕಟ್ಟು,
ಪೆನ್ನಿನ ಮೂತಿಗೆ ಬಾಯುಸಿರು ಕೊಟ್ಟು ಕೊಟ್ಟು
ಶಾಯಿ ಇಳಿಸಬೇಕು.

ಆರ್ಮೆಲ್ ಡೇಗಲ್, ಎಂಬತ್ತೊಂದು.
'ನಮ್ಮಪ್ಪನದು ಕಾಗದದ ಮಿಲ್ಲು.
ಗುರುವಾರಕ್ಕೊಂದು ಲಕೋಟೆ, ಮನೆಯಲ್ಲಿ ಒಂಬತ್ತು ಬಾಯಿ.
ಲಕೋಟೆ ಒಡೆಯುವ ಹಕ್ಕು ಅಮ್ಮನದೊಬ್ಬಳದೇ.
ಬ್ರೆಡ್ಡು ಕುಯ್ಯುವ ಚಾಕುವಿನಲ್ಲಿ ಸೀಳುತ್ತಿದ್ದಳು,
ಮೀನಿನ ಹೊಟ್ಟೆ ಸೀಳಿದಂತೆ, ಒಳಗೇನೂ ಹರಿಯಬಾರದು.'
ಆಮೇಲೆ ಎದ್ದು ಹೋಗಿ ಕೋಟಿನ ಜೇಬು ತಡಕಿ
ಒಂದು ರಟ್ಟಿನ ಚೀಟಿ ತಂದ. ನಲವತ್ತೇಳು.
ಆಲೂಗಡ್ಡೆ ಕೊಯ್ಲಿಗೆ ಶಾಲೆಗೆ ಬೀಗ ಬೀಳುತ್ತಿದ್ದ ಕಾಲ,
ಪೀಪಾಯಿ ತುಂಬಿದವನು ತನ್ನ ನಂಬರು ಸಿಕ್ಕಿಸಬೇಕು,
ಪೀಪಾಯಿಗೆ ಇಪ್ಪತ್ತೈದು ಸೆಂಟು.
ಬೆನ್ನು ಬಗ್ಗಿಸಿದ ಒಂಬತ್ತು ವರ್ಷದ ಹುಡುಗ
ಚಳಿಗಾಲದ ಬೂಟು ತಾನೇ ಕೊಂಡ.
'ಇದನ್ನೆಲ್ಲಿ ಬರೀತೀಯ?' ಅಂದ.
ಆ ವರ್ಷ ಯಾವಾಗಲೋ ಮುಗಿದಿದೆ, ಆರ್ಮೆಲ್, ಅಂದೆ.
'ಬೆನ್ನು ಮುಗಿದಿಲ್ಲ' ಅಂದ.

ಕೆರೆಯ ದಂಡೆಗೆ ಹೋದೆ.
ಅಲ್ಲಿ ಬಾಸ್ಟನ್ನಿನವನೊಬ್ಬ ಗಾಜಿನ ಮನೆ ಕಟ್ಟಿದ್ದಾನೆ,
ನಾಯಿಗೂ ಬೇರೆ ಬಾಗಿಲು.
ಅವನು ವಿಳಾಸ ಬದಲಿಸಿದ ದಿನ
ನಮ್ಮೂರಿನ ಅಷ್ಟೂ ಮನೆಗಳ ಆದಾಯ
ರಾತ್ರೋರಾತ್ರಿ ಮೇಲೆದ್ದಿತಂತೆ.
ನಾವು ಶ್ರೀಮಂತರಾದದ್ದು ನಮಗೇ ಗೊತ್ತಾಗಲಿಲ್ಲ.
ಮರುದಿನ ಅಂಗಡಿಯಲ್ಲಿ ವಿಲ್ಫ್ರೆಡ್
ಹಾಲಿನ ಡಬ್ಬ ಎತ್ತಿ, ಬೆಲೆ ನೋಡಿ,
ಚಿಕ್ಕದನ್ನು ತಗೊಂಡಿದ್ದ.

ಮಿಲ್ಲು ಮುಚ್ಚಿದ ವರ್ಷ ಹುಡುಕಿದೆ ಗೆರೆಯಲ್ಲಿ.
ಇದೆ. ಪೆನ್ಸಿಲು ಚೂರು ಜಾರಿದಷ್ಟು.
ಮರುವರ್ಷವೇ ಸರಿಹೋಗಿದೆ.
ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗೆ ಹಲಗೆ ಹೊಡೆದದ್ದು
ಆ ಮರುವರ್ಷವೇ.
ಖಾಲಿ ಮನೆಗೆ ಆದಾಯ ಕೇಳುವಂತಿಲ್ಲ,
ನಿಯಮ.

ಕೊನೆಗೆ ಕತ್ತಲಾದ ಮೇಲೆ ಸಿಕ್ಕಿತು.
ಲಿಯೊಲಿನ್ ಪೆಲ್ಟಿಯೆ, ನದಿಯ ತಿರುವು, ಹಳದಿ ಬಾಗಿಲು.
ಕೂಡಿದೆ. ಮತ್ತೆ ಕೂಡಿದೆ.
ರಾಜ್ಯದ ಸರಾಸರಿಗೆ ಹೆಚ್ಚಿಲ್ಲ, ಕಡಿಮೆಯಿಲ್ಲ,
ನೂರು ಡಾಲರು ಆಚೀಚೆ.
ಹದಿನಾರು ವರ್ಷದ ಕೆಲಸದಲ್ಲಿ
ಆ ಅಂಕಿಯೊಳಗೆ ನಿಜವಾಗಿ ವಾಸವಿದ್ದವರನ್ನು
ಮೊದಲ ಸಲ ಕಂಡೆ.

ಅವಳು ಆಸ್ಪತ್ರೆಯ ಅಡುಗೆಮನೆ.
ಗಂಡ ಹಗಲು ಮರದ ಲಾರಿ, ಹಿಮ ಬಿದ್ದ ರಾತ್ರಿ ನೇಗಿಲಗಾಡಿ.
ಅತ್ತೆ, ಎಪ್ಪತ್ತಮೂರು, ಕೈಗವಸು ಹೆಣೆದು ಮಾರುತ್ತಾಳೆ.
ಮಗಳು ಜೋಸೆಟ್, ಕಾಲೇಜು,
ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ.
ಆರ್ಮೆಲನ ಅಪ್ಪ ಒಬ್ಬನೇ ಎತ್ತಿದ ಗೆರೆ
ಈಗ ನಾಲ್ಕು ಹೆಗಲ ಮೇಲಿದೆ.
ನಾಲ್ಕು ಹೆಗಲು ಏನನ್ನು ಹೊರುತ್ತವೆ ಅಂತ
ಯೋಚಿಸಬಾರದಿತ್ತು. ಯೋಚಿಸಿದೆ.

'ಹಾಗಾದರೆ ನಾವೇ ಸರಾಸರಿ ಮನೆ!'
ಲಿಯೊಲಿನ್ ನಕ್ಕು, ಒಲೆಯ ಮೇಲಿಂದ
ಹುರುಳಿಬಣ್ಣದ ದೋಸೆಯಂಥ ಪ್ಲೋಯ್ ಎತ್ತಿ
ಬೆಣ್ಣೆ ಸವರಿ ಸುತ್ತಿಕೊಟ್ಟಳು.
'ಸರಾಸರಿ ಮನೆಯಲ್ಲಿ ಎಷ್ಟು ಜನ ಇರ್ತಾರೆ?'

ಎರಡು ಜನ ಮತ್ತು ಚಿಲ್ಲರೆ, ಅಂದೆ.

'ಚಿಲ್ಲರೆ?'

ಉತ್ತರ ಹೇಳದೆ ತಿರುಗಿದೆ.
ಸೋಫಾದ ಮೇಲೆ ಜೋಸೆಟ್,
ಪಾಳಿಗೆ ಇನ್ನು ನಲವತ್ತು ನಿಮಿಷ,
ಎದೆಯ ಮೇಲೆ ಬಂಕಿನ ಬಿಲ್ಲೆ, ಅದರಲ್ಲಿ ನಂಬರು,
ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು
ನಿದ್ದೆಹೋಗಿದ್ದಳು.